ನಾಯಿಗೆ ಉಸಿರಾಟದ ತೊಂದರೆ: ಎಣಿಸುವುದರಿಂದ ಆಸ್ಪತ್ರೆಯವರೆಗೆ

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂದಿಷ್ಟು ಬೆವರು ಬರುತ್ತದೆ, ಅಷ್ಟೆ. ಮೈ ಬಿಸಿ ಇಳಿಸಿಕೊಳ್ಳಲು ಅದಕ್ಕಿರುವ ದೊಡ್ಡ ದಾರಿ ಎಂದರೆ ಬಾಯಿ ತೆರೆದು, ನಾಲಿಗೆ ಇಳಿಬಿಟ್ಟು ತೇಕುವುದು. ಹಾಗಾಗಿ ತೇಕುವ ನಾಯಿಯೆಲ್ಲ ಕಾಯಿಲೆ ನಾಯಿಯಲ್ಲ. ತೊಡಕು ಇರುವುದೂ ಇಲ್ಲೇ. ನಿಜವಾಗಿ ಉಸಿರು ಸಿಗದೆ ಒದ್ದಾಡುವ ನಾಯಿಯೂ ದೂರದಿಂದ ನೋಡಿದರೆ ತೇಕುವ ಹಾಗೇ ಕಾಣುತ್ತದೆ. "ಸೆಕೆ ಅಲ್ವಾ, ಸರಿಹೋಗುತ್ತೆ" ಎಂದು ರಾತ್ರಿ ಸುಮ್ಮನಿದ್ದು, ಬೆಳಿಗ್ಗೆ ಆಸ್ಪತ್ರೆಗೆ ಓಡುವವರು ಬಹಳ. ಇನ್ನು ಕೆಲವರು ತಕ್ಷಣ ಏನಾದರೂ ಮಾಡಲೇಬೇಕೆಂದು ಮನೆಯಲ್ಲಿದ್ದ ಕೆಮ್ಮಿನ ಸಿರಪ್ ಕುಡಿಸಿಬಿಡುತ್ತಾರೆ. ಇದು ಇನ್ನೂ ಕೆಟ್ಟದ್ದು.

ಹೊಟ್ಟೆ ಕೆಟ್ಟರೆ ಮೊಸರನ್ನ ಹಾಕಿ ಒಂದು ದಿನ ಕಾಯಬಹುದು. ಉಸಿರಿನ ವಿಷಯದಲ್ಲಿ ಮನೆಮದ್ದಿಗೆ ಜಾಗವಿಲ್ಲ. ಇಲ್ಲಿ ಮನೆಯವರ ಕೆಲಸ ಮೂರೇ: ನಾಯಿ ಚೆನ್ನಾಗಿರುವಾಗ ಅದರ ಉಸಿರು ಹೇಗಿರುತ್ತದೆಂದು ತಿಳಿದಿರುವುದು, ಕೆಟ್ಟಾಗ ಬೇಗ ಗುರುತಿಸುವುದು, ಇನ್ನಷ್ಟು ಕೆಡಿಸದೆ ಡಾಕ್ಟರ ಹತ್ತಿರ ತಲುಪಿಸುವುದು.

ಮೊದಲು ಎಣಿಸಲು ಕಲಿಯಿರಿ

ನಾಯಿ ಗಾಢ ನಿದ್ದೆಯಲ್ಲಿರುವಾಗ ಹತ್ತಿರ ಕೂತುಕೊಳ್ಳಿ. ಮುಟ್ಟಬೇಡಿ, ಹೆಸರು ಕರೆಯಬೇಡಿ. ಎದೆ ಒಮ್ಮೆ ಏರಿ ಇಳಿದರೆ ಅದು ಒಂದು ಉಸಿರು. ಏರಿದ್ದಕ್ಕೊಂದು, ಇಳಿದದ್ದಕ್ಕೊಂದು ಎಣಿಸಿ ಎರಡರಷ್ಟು ಲೆಕ್ಕ ತಂದು ಗಾಬರಿಯಾಗುವವರಿದ್ದಾರೆ, ಹುಷಾರು. ಮೊಬೈಲ್‌ನಲ್ಲಿ 30 ಸೆಕೆಂಡ್ ಇಟ್ಟು ಎಣಿಸಿ, ಬಂದದ್ದನ್ನು ಎರಡರಿಂದ ಗುಣಿಸಿ. ಕಾಲು ಅದುರುತ್ತಿದ್ದರೆ, ಮೀಸೆ ಮಿಡಿಯುತ್ತಿದ್ದರೆ, ಸಣ್ಣಗೆ ಕುಂಯ್‌ಗುಡುತ್ತಿದ್ದರೆ ಕನಸು ಬಿದ್ದಿದೆ ಎಂದರ್ಥ. ಆಗ ಉಸಿರು ಏರುಪೇರಾಗಿರುತ್ತದೆ. ಅದು ಮುಗಿದ ಮೇಲೆ ಎಣಿಸಿ. ಕೋಣೆ ತಂಪಾಗಿರಬೇಕು, ಆಟ ಅಥವಾ ವಾಕಿಂಗ್ ಮುಗಿದು ಸಾಕಷ್ಟು ಹೊತ್ತಾಗಿರಬೇಕು.

ಆರೋಗ್ಯವಾಗಿರುವ ದೊಡ್ಡ ನಾಯಿ ನಿದ್ದೆಯಲ್ಲಿ ನಿಮಿಷಕ್ಕೆ 30 ಸಲಕ್ಕಿಂತ ಕಡಿಮೆಯೇ ಉಸಿರಾಡುತ್ತದೆ. ಹೆಚ್ಚಿನವು 25ರ ಒಳಗೇ ಇರುತ್ತವೆ. ನಾಲ್ಕಾರು ದಿನ ಎಣಿಸಿ, ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ನಿಮ್ಮ ನಾಯಿಯ ಸಾಮಾನ್ಯ ಲೆಕ್ಕ ಅದು.

ಮುಂದೆ ಎಂದಾದರೂ ನಿದ್ದೆಯಲ್ಲಿ 30 ದಾಟಿದೆ ಅನ್ನಿಸಿದರೆ ಒಂದೆರಡು ಗಂಟೆ ಬಿಟ್ಟು ಮತ್ತೆ ಎಣಿಸಿ. ಆಗಲೂ ಹಾಗೇ ಇದ್ದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. 40 ದಾಟಿದ್ದರೆ, ಜೊತೆಗೆ ಉಸಿರೆಳೆಯಲು ಕಷ್ಟಪಡುತ್ತಿದ್ದರೆ, ಕಾಯಬೇಡಿ. ಯಾವಾಗಲೂ 14, 16 ಇರುತ್ತಿದ್ದ ನಾಯಿ ಈಗ ದಿನವೂ 27, 28ಕ್ಕೆ ಬಂದಿದ್ದರೆ ಅದೂ ಹೇಳಬೇಕಾದ ಮಾತೇ, 30ರ ಒಳಗಿದ್ದರೂ ಸಹ. ಹೃದಯದ ಕಾಯಿಲೆಯಿರುವ ನಾಯಿಗಳ ಶ್ವಾಸಕೋಶದಲ್ಲಿ ನೀರು ತುಂಬತೊಡಗಿದಾಗ ಕೆಮ್ಮಿಗಿಂತ ಮೊದಲೇ ಕೆಡುವುದು ಅನೇಕ ಸಲ ಈ ಲೆಕ್ಕ. ದುಡ್ಡು ಖರ್ಚಿಲ್ಲದ ಪರೀಕ್ಷೆ. ಆದರೂ ಮಾಡುವವರು ಕಡಿಮೆ.

ಕೂತಿರುವ ಭಂಗಿ, ಒಸಡಿನ ಬಣ್ಣ

ಬರೀ ಲೆಕ್ಕ ಸಾಲದು. ಉಸಿರಿಗೆ ಕಷ್ಟಪಡುವ ನಾಯಿ ಮಲಗಲು ಒಪ್ಪುವುದಿಲ್ಲ. ಮಲಗಿದರೂ ತಕ್ಷಣ ಎದ್ದು ಕೂರುತ್ತದೆ. ಮುಂಗಾಲಿನ ಮೊಣಕೈಯನ್ನು ಹೊರಗೆ ಅಗಲಿಸಿ, ಕತ್ತು ಮುಂದೆ ಚಾಚಿ, ತಲೆ ಸ್ವಲ್ಪ ಮೇಲೆತ್ತಿ ಕೂರುತ್ತದೆ. ಎದೆಯ ಜೊತೆ ಹೊಟ್ಟೆಯೂ ಜೋರಾಗಿ ಒಳಗೆ ಹೊರಗೆ ಆಡುತ್ತದೆ. ತಿಂಡಿ ತೋರಿಸಿದರೂ ಕಣ್ಣು ಹಾಯಿಸುವುದಿಲ್ಲ. ತುತ್ತು ನುಂಗುವಷ್ಟು ಹೊತ್ತು ಉಸಿರು ಬಿಗಿಹಿಡಿಯಲೂ ಅದಕ್ಕೆ ಆಗುವುದಿಲ್ಲ. ಸೆಕೆಗೆ ತೇಕುವ ನಾಯಿ ಹೀಗಲ್ಲ. ಅದು ನಿಮ್ಮನ್ನು ನೋಡಿ ಬಾಲ ಆಡಿಸುತ್ತದೆ, ನೀರು ಕುಡಿಯುತ್ತದೆ, ಫ್ಯಾನಿನ ಕೆಳಗೆ ಹೋಗಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುತ್ತದೆ, ಸ್ವಲ್ಪ ಹೊತ್ತಿಗೆ ಬಾಯಿ ಮುಚ್ಚುತ್ತದೆ.

ಈಗ ತುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಇದ್ದರೆ ಸರಿ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಗೆ ಬರಬೇಕು. ನೀಲಿ, ನೇರಳೆ ಅಥವಾ ಬೂದು ಬಣ್ಣಕ್ಕೆ ತಿರುಗಿದ್ದರೆ ಆಮ್ಲಜನಕ ಸಾಲುತ್ತಿಲ್ಲ. ಒಂದು ನಿಮಿಷವೂ ಕಾಯುವಂತಿಲ್ಲ. ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿರಬಹುದು. ಇಟ್ಟಿಗೆಯ ಕೆಂಪು ಬಂದಿದ್ದರೆ ಬಿಸಿಲ ಹೊಡೆತದ ಅನುಮಾನ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವಕ್ಕೆ ಕೆಳಗಣ್ಣಿನ ರೆಪ್ಪೆಯ ಒಳಭಾಗ ನೋಡಿ. ನಾಯಿ ಚೆನ್ನಾಗಿರುವಾಗಲೇ ಒಮ್ಮೆ ನೋಡಿಟ್ಟುಕೊಂಡರೆ ಆಮೇಲೆ ಹೋಲಿಸಲು ಸುಲಭ.

ಸದ್ದು ಕೇಳಿಸಿಕೊಳ್ಳಿ, ವಿಡಿಯೊ ಮಾಡಿ

ಡಾಕ್ಟರ ಮೇಜಿನ ಮೇಲೆ ಹತ್ತಿಸಿದ ಕೂಡಲೇ ನಾಯಿ ಕೆಮ್ಮುವುದು ನಿಲ್ಲಿಸುತ್ತದೆ. ಆದ್ದರಿಂದ ಮನೆಯಲ್ಲೇ 20, 30 ಸೆಕೆಂಡಿನ ವಿಡಿಯೊ ಮಾಡಿಕೊಳ್ಳಿ. ಎದೆ, ಹೊಟ್ಟೆ, ಮುಖ ಮೂರೂ ಕಾಣಲಿ. ಟಿವಿ ಆರಿಸಿ, ಸದ್ದು ಸರಿಯಾಗಿ ಬರಲಿ. ನಾಯಿ ತುಂಬ ಕಷ್ಟದಲ್ಲಿದ್ದರೆ ಮಾತ್ರ ವಿಡಿಯೊ ಬಿಟ್ಟು ಹೊರಡಿ.

ಸದ್ದು ಉಸಿರು ಎಳೆದುಕೊಳ್ಳುವಾಗ ಬರುತ್ತದೋ, ಬಿಡುವಾಗಲೋ? ಒಳಗೆಳೆಯುವಾಗ ಗೊರಗೊರ, ಕರ್ಕಶ ಸದ್ದು ಬಂದರೆ ತೊಂದರೆ ಹೆಚ್ಚಾಗಿ ಮೂಗು, ಗಂಟಲ ಕಡೆ. ಹೊರಬಿಡುವಾಗ ಸುಂಯ್ ಎನ್ನುತ್ತಿದ್ದರೆ, ಬಿಡಲು ಹೊಟ್ಟೆ ಬಿಗಿಹಿಡಿಯುತ್ತಿದ್ದರೆ ಎದೆಯೊಳಗಿನ ಸಣ್ಣ ಕೊಳವೆಗಳದ್ದಿರಬಹುದು. ಸದ್ದೇ ಇಲ್ಲದೆ, ಬೇಗಬೇಗ, ಮೇಲೆಮೇಲಷ್ಟೇ ಉಸಿರಾಡುತ್ತಿದ್ದರೆ ಎದೆಗೂಡಿನಲ್ಲಿ ನೀರು, ಗಾಳಿ ಅಥವಾ ರಕ್ತ ತುಂಬಿ ಶ್ವಾಸಕೋಶ ಅರಳಲು ಜಾಗವಿಲ್ಲದಿರಬಹುದು. ಸದ್ದಿಲ್ಲದ ಈ ತೊಂದರೆಯೇ ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪಿಸುತ್ತದೆ.

ನಮ್ಮ ಕಡೆ ಹೆಚ್ಚಾಗಿ ಕಾಣುವ ಕೆಲವನ್ನು ಹೇಳುತ್ತೇನೆ. ಕಾಯಿಲೆ ಯಾವುದೆಂದು ಹೇಳುವುದು ಡಾಕ್ಟರ ಕೆಲಸ. ಏನು ಗಮನಿಸಿ ಹೇಳಬೇಕೆಂದು ನಿಮಗೆ ಗೊತ್ತಿರಲಿ ಎಂದು ಮಾತ್ರ ಇದು.

ನಾಯಿ ಇದ್ದಕ್ಕಿದ್ದಂತೆ ನಿಂತು, ಕತ್ತು ಚಾಚಿ, ಮೂಗಿನಿಂದ ಗಾಳಿಯನ್ನು ಸೊರ್ ಸೊರ್ ಎಂದು ಒಳಗೆಳೆದುಕೊಳ್ಳುತ್ತದೆ. ನೋಡಿದವರಿಗೆ ಪ್ರಾಣವೇ ಹೋಯಿತು ಅನ್ನಿಸುತ್ತದೆ. ಒಂದು ನಿಮಿಷದೊಳಗೆ ನಿಂತು, ಏನೂ ಆಗದ ಹಾಗೆ ಬಾಲ ಆಡಿಸಿಕೊಂಡು ಹೋದರೆ ಅದು ತಿರುಗು ಸೀನು, ಹೆದರಬೇಕಿಲ್ಲ. ಊದುಬತ್ತಿ ಹೊಗೆ, ಫಿನಾಯಿಲ್ ವಾಸನೆ, ಧೂಳಿಗೆ ಬರಬಹುದು. ದಿನಕ್ಕೆ ಹತ್ತಾರು ಸಲ ಬಂದರೆ ಅಥವಾ ಮೂಗಿನಲ್ಲಿ ರಕ್ತ ಕಂಡರೆ ತೋರಿಸಿ.

ನಾಯಿಗಳನ್ನು ನೋಡಿಕೊಳ್ಳುವ ಹಾಸ್ಟೆಲ್‌ನಲ್ಲಿ ಬಿಟ್ಟು ಊರಿಗೆ ಹೋಗಿ ಬಂದಿದ್ದೀರಿ, ಒಂದು ವಾರಕ್ಕೆ ನಾಯಿಗೆ ಒಣಕೆಮ್ಮು ಶುರುವಾಗಿದೆ, ಕೆಮ್ಮಿದ ಕೊನೆಯಲ್ಲಿ ಓಕರಿಸಿ ಬಿಳಿ ನೊರೆ ಕಕ್ಕುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದುಕೊಂಡು ಬಾಳೆಹಣ್ಣು ನುಂಗಿಸುವವರುಂಟು. ಬಹಳ ಸಲ ಇದು ಕೆನಲ್ ಕಾಫ್, ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುವ ಕೆಮ್ಮು. ಊಟ, ಆಟ ಚೆನ್ನಾಗಿದ್ದರೆ ಹೆಚ್ಚಿನವು ಎರಡು ಮೂರು ವಾರದಲ್ಲಿ ಸುಧಾರಿಸುತ್ತವೆ. ಬೇರೆ ನಾಯಿಗಳಿಂದ ದೂರ ಇಡಿ. ಜ್ವರ, ಮಂಕು, ಊಟ ಬಿಡುವುದು, ದಪ್ಪ ಸಿಂಬಳ ಸೇರಿದರೆ ನ್ಯುಮೋನಿಯಾಕ್ಕೆ ತಿರುಗಿದೆಯೋ ಏನೋ ಎಂದು ಪರೀಕ್ಷೆ ಮಾಡಿಸಲೇಬೇಕು. ಲಸಿಕೆ ಆಗದ ಮರಿಯಲ್ಲಿ ಕೆಮ್ಮು, ಕಣ್ಣು ಪಿಸುರು, ಭೇದಿ ಒಟ್ಟಿಗೆ ಕಂಡರೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಯ ಅನುಮಾನ ಬರಬೇಕು.

ಚಿಕ್ಕ ಜಾತಿಯ ನಾಯಿ, ಬೆಲ್ಟ್ ಎಳೆದಾಗ ಅಥವಾ ಖುಷಿಯಲ್ಲಿ ಕುಣಿದಾಗ ಬಾತುಕೋಳಿ ಕೂಗಿದ ಹಾಗೆ ಕೆಮ್ಮುತ್ತದೆ ಎಂದರೆ ಶ್ವಾಸನಾಳದ ಉಂಗುರಗಳು ಸಡಿಲಾಗಿ ಕೊಳವೆ ಚಪ್ಪಟೆಯಾಗುತ್ತಿರಬಹುದು. ಪೊಮೆರೇನಿಯನ್, ಯಾರ್ಕ್‌ಷೈರ್ ಟೆರಿಯರ್‌ಗಳಲ್ಲಿ ಇದು ಜಾಸ್ತಿ. (ನಮ್ಮ ಮನೆಗಳಲ್ಲಿ ಪಾಮ್ ಎಂದು ಕರೆಸಿಕೊಳ್ಳುವ ಬಿಳಿ ನಾಯಿಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಸ್. ಅದು ಬೇರೆ ಕಥೆ.) ವಯಸ್ಸಾದ ಲ್ಯಾಬ್ರಡಾರ್‌ನ ಬೊಗಳುವ ದನಿ ಒಡೆದು, ಸ್ವಲ್ಪ ನಡೆದರೂ ಗೊರ್ ಎಂದು ಉಸಿರೆಳೆಯುತ್ತಿದ್ದರೆ ಗಂಟಲಿನ ಧ್ವನಿಪೆಟ್ಟಿಗೆ ಸರಿಯಾಗಿ ತೆರೆಯುತ್ತಿಲ್ಲ ಎಂದಿರಬಹುದು. "ವಯಸ್ಸಾಯ್ತು, ಅದಕ್ಕೇ" ಎಂದು ಬಿಡಬೇಡಿ. ಅಂಥ ನಾಯಿ ಒಂದು ಬಿಸಿ ಮಧ್ಯಾಹ್ನದಲ್ಲಿ ಪೂರ್ತಿ ಉಸಿರುಕಟ್ಟಿ ಬೀಳಬಹುದು. ರಾತ್ರಿ ಮಲಗಿದಾಗ ಕೆಮ್ಮು, ಬೇಗ ಸುಸ್ತು, ಒಮ್ಮೊಮ್ಮೆ ತಲೆಸುತ್ತಿ ಬೀಳುವುದು ಇವೆಲ್ಲ ಹೃದಯದ ಕಡೆ ಬೆರಳು ತೋರಿಸುತ್ತವೆ. ವಯಸ್ಸಾದ ಸಣ್ಣ ನಾಯಿಗಳಲ್ಲಿ ಹೃದಯದ ಕವಾಟ ಸೋರುವುದು, ಡಾಬರ್‌ಮನ್‌ನಂಥ ದೊಡ್ಡವುಗಳಲ್ಲಿ ಹೃದಯ ಹಿಗ್ಗುವುದು ಸಾಮಾನ್ಯ.

ಉಸಿರಾಟದ ಅಂಗಕ್ಕೆ ಸಂಬಂಧವೇ ಇಲ್ಲದೆ ಉಸಿರು ಜೋರಾಗುವುದೂ ಉಂಟು. ನಮ್ಮಲ್ಲಿ ಅದಕ್ಕೆ ದೊಡ್ಡ ಕಾರಣ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳು. ಉಣ್ಣೆಯಿಂದ ಬರುವ ಬಬೇಸಿಯಾ, ಎರ್ಲಿಕಿಯಾ ಕಾಯಿಲೆಗಳಲ್ಲಿ ರಕ್ತ ಕಡಿಮೆಯಾಗುತ್ತದೆ. ಇರುವಷ್ಟು ರಕ್ತದಲ್ಲೇ ಆಮ್ಲಜನಕ ಸಾಗಿಸಲು ನಾಯಿ ಬೇಗಬೇಗ ಉಸಿರಾಡುತ್ತದೆ. ಒಸಡು ಬಿಳಿಚಿ, ಜ್ವರ ಇದ್ದು, ಮೂತ್ರ ಕಾಫಿ ಬಣ್ಣಕ್ಕೆ ಬಂದಿದ್ದರೆ ಡಾಕ್ಟರಿಗೆ ಉಣ್ಣೆಯ ವಿಷಯ ಮೊದಲೇ ಹೇಳಿ. ತೋಟ, ಗದ್ದೆ ಬದಿಯ ಮನೆಗಳಲ್ಲಿ ಇನ್ನೊಂದು ಭಯ ಹಾವು. ನಾಗರಹಾವು, ಕಟ್ಟುಹಾವಿನ ವಿಷ ನರಗಳಿಗೆ ತಾಗುತ್ತದೆ. ಹಿಂಗಾಲು ತಡವರಿಸುವುದು, ಕಣ್ಣಿನ ರೆಪ್ಪೆ ಜೋಲುವುದು, ಜೊಲ್ಲು ಸುರಿಯುವುದು, ಆಮೇಲೆ ಉಸಿರು ಕ್ಷೀಣಿಸುವುದು ಅದರ ಲಕ್ಷಣ. ಕಟ್ಟುವುದು, ಕೊಯ್ಯುವುದು, ನಾಟಿ ಔಷಧ ಹುಡುಕುವುದು ಯಾವುದೂ ಬೇಡ. ಮನುಷ್ಯರಿಗೆ ಕೊಡುವ ವಿಷನಿರೋಧಕ ಚುಚ್ಚುಮದ್ದೇ ನಾಯಿಗೂ ಕೆಲಸ ಮಾಡುತ್ತದೆ. ಅದು ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆಂದು ಮಳೆಗಾಲಕ್ಕೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ಗಾಡಿ ತಾಗಿದ ನಾಯಿ ಎದ್ದು ಓಡಿ ಬಂತು, ಗಾಯವೂ ಇಲ್ಲ ಎಂದು ಸಮಾಧಾನಪಡಬೇಡಿ. ಒಳಗೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಹರಿದು ಕರುಳು ಎದೆಗೂಡಿಗೆ ನುಗ್ಗಿರಬಹುದು, ಶ್ವಾಸಕೋಶ ಜಜ್ಜಿರಬಹುದು. ಗಂಟೆಗಳ ನಂತರವೋ, ಮರುದಿನವೋ ಉಸಿರಿನ ಕಷ್ಟ ಶುರುವಾಗುತ್ತದೆ. ಅವತ್ತೇ ತೋರಿಸಿ.

ಈಗಲೇ ಒದ್ದಾಡುತ್ತಿದ್ದರೆ

ಕ್ರಮವಾಗಿ ಹೀಗೆ ಮಾಡಿ.

1. ಕತ್ತಿನ ಬೆಲ್ಟ್ ಬಿಚ್ಚಿ. ಸುತ್ತ ಸೇರಿದವರನ್ನು, ಮಕ್ಕಳನ್ನು ಆಚೆ ಕಳಿಸಿ. ತಬ್ಬಿಕೊಳ್ಳುವುದು, ಮಡಿಲಲ್ಲಿ ಮಲಗಿಸಿಕೊಳ್ಳುವುದು ಬೇಡ. ಪ್ರೀತಿಯೇ, ಆದರೆ ಎದೆ ಅರಳಲು ಅಡ್ಡಿ.

2. ಫ್ಯಾನ್ ಅಥವಾ ಎಸಿ ಹಾಕಿ. ನಾಯಿ ಹೇಗೆ ಕೂರುತ್ತದೋ ಹಾಗೇ ಇರಲಿ. ಪಕ್ಕಕ್ಕೆ ಒತ್ತಿ ಮಲಗಿಸಿದರೆ, ಅಂಗಾತ ಮಾಡಿದರೆ ಅಲ್ಲೇ ಪ್ರಾಣ ಹೋಗಬಹುದು.

3. ಬಾಯಿಗೆ ಏನನ್ನೂ ಸುರಿಯಬೇಡಿ. ನೀರು, ಹಾಲು, ಜೇನು, ತುಳಸಿ ಕಷಾಯ, ಎಣ್ಣೆ ಯಾವುದೂ ಬೇಡ. ದನಕ್ಕೆ ಗೊಟ್ಟದಲ್ಲಿ ಔಷಧ ಹಾಕಿ ಅಭ್ಯಾಸವಿರುವ ಮನೆಗಳಲ್ಲಿ ನಾಯಿಯ ಮೂತಿಯನ್ನೂ ಮೇಲೆತ್ತಿ ಸುರಿದುಬಿಡುತ್ತಾರೆ. ಏದುಸಿರಿನಲ್ಲಿರುವ ನಾಯಿಗೆ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಮೇಲೆ ಮೊದಲಿನ ಕಾಯಿಲೆಯ ಜೊತೆ ನ್ಯುಮೋನಿಯಾವನ್ನೂ ವಾಸಿ ಮಾಡಬೇಕು.

4. ನಮ್ಮ ಮಾತ್ರೆ ಡಬ್ಬಿ ಮುಟ್ಟಬೇಡಿ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಲಿವರ್ ಹಾಳಾಗುವುದಲ್ಲದೆ, ರಕ್ತ ಆಮ್ಲಜನಕ ಹೊರುವ ಶಕ್ತಿಯೇ ಕುಂದುತ್ತದೆ. ಸಕ್ಕರೆರಹಿತ ಸಿರಪ್‌ಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಇದ್ದರೆ ನಾಯಿಗೆ ಅದು ವಿಷ. ಮನೆಯಲ್ಲಿ ಯಾರದಾದರೂ ಇನ್‌ಹೇಲರ್ ಇದ್ದರೆ ನಾಯಿ ಕಚ್ಚದ ಜಾಗದಲ್ಲಿಡಿ. ಡಬ್ಬಿ ಕಚ್ಚಿ ತೂತಾದರೆ ಒಮ್ಮೆಗೇ ಹೊಟ್ಟೆ ಸೇರುವ ಔಷಧದಿಂದ ಎದೆಬಡಿತ ವಿಪರೀತ ಏರುತ್ತದೆ.

5. ಹೊರಡುವ ಮುನ್ನ ಫೋನ್ ಮಾಡಿ. "ನಾಯಿಗೆ ಉಸಿರಾಟದ ತೊಂದರೆ, ಆಕ್ಸಿಜನ್ ಇದೆಯಾ?" ಇಷ್ಟೇ ಕೇಳಿ. ಎಲ್ಲ ಕ್ಲಿನಿಕ್‌ನಲ್ಲೂ ಇರುವುದಿಲ್ಲ. ಹತ್ತಿರದಲ್ಲಿ ಆಕ್ಸಿಜನ್ ಇರುವ, ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದೆಂದು ಇವತ್ತೇ ಹುಡುಕಿ ನಂಬರ್ ಹಾಕಿಟ್ಟುಕೊಂಡರೆ ಅವತ್ತು ಅರ್ಧ ಕೆಲಸ ಮುಗಿದ ಹಾಗೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಗದಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹಳ್ಳಿ ಕಡೆಯವರು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಬಹುದು. ಅದು ಮುಖ್ಯವಾಗಿ ದನಕರುಗಳಿಗೆಂದು ಮಾಡಿದ ವ್ಯವಸ್ಥೆ, ಹಾಗಾಗಿ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

6. ಕರೆದೊಯ್ಯುವಾಗ ಇಬ್ಬರಿರಿ, ಒಬ್ಬರು ಗಾಡಿ ಓಡಿಸಲು, ಒಬ್ಬರು ನಾಯಿ ನೋಡಿಕೊಳ್ಳಲು. ದೊಡ್ಡ ನಾಯಿಯನ್ನು ನಡೆಸಬೇಡಿ, ದಪ್ಪ ಬೆಡ್‌ಶೀಟಿನಲ್ಲಿ ಎತ್ತಿ. ಚಿಕ್ಕದನ್ನು ಚೀಲದಲ್ಲಿ ಮುಚ್ಚಬೇಡಿ. ಕಚ್ಚುತ್ತದೆಂದು ಬಾಯಿ ಕಟ್ಟಲೇಬೇಡಿ.

ಗಂಟಲಲ್ಲಿ ಏನಾದರೂ ಸಿಕ್ಕಿದ್ದರೆ

ಚೆಂಡು, ಮೂಳೆ, ಮಾವಿನ ಓಟೆ ಸಿಕ್ಕಿಕೊಂಡಾಗ ನಾಯಿ ಇದ್ದಕ್ಕಿದ್ದಂತೆ ಬಾಯಿಯನ್ನು ಕಾಲಿನಿಂದ ಕೆರೆಯುತ್ತದೆ, ಸದ್ದಿಲ್ಲದೆ ಬಾಯಿ ಬಿಡುತ್ತದೆ. ಕೆಮ್ಮುತ್ತಿದ್ದರೆ ಗಾಳಿ ಆಡುತ್ತಿದೆ ಎಂದರ್ಥ, ಕೆಮ್ಮಲು ಬಿಟ್ಟು ಆಸ್ಪತ್ರೆಗೆ ಹೊರಡಿ. ಗಾಳಿ ಪೂರ್ತಿ ಕಟ್ಟಿದ್ದರೆ ಬಾಯಿ ಅಗಲಿಸಿ ನೋಡಿ. ಕಣ್ಣಿಗೆ ಕಂಡರೆ ಮಾತ್ರ ಹಿಡಿದು ತೆಗೆಯಿರಿ. ಕಾಣದ್ದಕ್ಕೆ ಬೆರಳು ತೂರಿಸಿದರೆ ಅದು ಇನ್ನೂ ಒಳಗೆ ಹೋಗುತ್ತದೆ, ನಿಮ್ಮ ಕೈಗೂ ಕಚ್ಚು ಬೀಳುತ್ತದೆ. ಸಿಗದಿದ್ದರೆ, ಚಿಕ್ಕ ನಾಯಿಯಾದರೆ ತಲೆ ಕೆಳಗಾಗುವಂತೆ ಹಿಡಿದು ಭುಜಗಳ ನಡುವೆ ಅಂಗೈಯಿಂದ ನಾಲ್ಕೈದು ಬಾರಿ ತಟ್ಟಿ. ದೊಡ್ಡದಾದರೆ ಹಿಂದಿನಿಂದ ಬಳಸಿ ಹಿಡಿದು, ಪಕ್ಕೆಲುಬು ಮುಗಿಯುವಲ್ಲಿ ಹೊಟ್ಟೆಗೆ ಮುಷ್ಟಿಯಿಟ್ಟು ಮೇಲಕ್ಕೂ ಮುಂದಕ್ಕೂ ಐದು ಸಲ ಜೋರಾಗಿ ಒತ್ತಿ. ವಸ್ತು ಹೊರಬಂದರೂ ಡಾಕ್ಟರಿಗೆ ತೋರಿಸಿ.

ಪ್ರಜ್ಞೆ ತಪ್ಪಿ ಉಸಿರೇ ನಿಂತಿದ್ದರೆ ಗಟ್ಟಿ ನೆಲದ ಮೇಲೆ ಪಕ್ಕಕ್ಕೆ ಮಲಗಿಸಿ ಎದೆ ಒತ್ತಬೇಕು. ಲ್ಯಾಬ್‌ನಂಥ ಗುಂಡು ಎದೆಯ ನಾಯಿಗೆ ಎದೆಯ ಅತಿ ಅಗಲದ ಜಾಗದಲ್ಲಿ, ಮುಧೋಳದಂಥ ಕಿರಿದಾದ ಆಳ ಎದೆಯ ನಾಯಿಗೆ ಮೊಣಕೈ ಹಿಂದೆ ಹೃದಯದ ನೇರಕ್ಕೆ. ನಿಮಿಷಕ್ಕೆ 100ರಿಂದ 120 ಸಲದ ವೇಗ, ಎದೆಯ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ಆಳ. 30 ಸಲ ಒತ್ತಿ, ನಾಯಿಯ ಬಾಯಿ ಮುಚ್ಚಿಹಿಡಿದು ಮೂಗಿಗೆ ಎರಡು ಸಲ ಊದಿ. ಆಸ್ಪತ್ರೆ ತಲುಪುವವರೆಗೆ ಇದನ್ನೇ ಮುಂದುವರಿಸಿ.

ಬಿಸಿಲ ಹೊಡೆತ: ಮೊದಲು ತಂಪು, ಆಮೇಲೆ ಪ್ರಯಾಣ

ಮೇಲೆ ಹೇಳಿದ್ದರಲ್ಲಿ ಎಲ್ಲಕ್ಕೂ ಮೊದಲು ಹೊರಡಿ ಎಂದೆ. ಇದೊಂದಕ್ಕೆ ಬೇರೆ ಕ್ರಮ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು, ಅಲ್ಲಿಯವರು ಹುಷಾರಾಗಿಯೂ ಇರುತ್ತಾರೆ. ಆದರೆ ಮಂಗಳೂರು, ಕಾರವಾರದ 33, 34 ಡಿಗ್ರಿಯೂ ನಾಯಿಗೆ ಅಷ್ಟೇ ಅಪಾಯ. ತೇಕುವಾಗ ನಾಲಿಗೆ, ಗಂಟಲಿನ ತೇವ ಆರಿದರೆ ಮಾತ್ರ ಮೈ ತಣ್ಣಗಾಗುವುದು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಅದು ಆರುವುದೇ ಇಲ್ಲ. ನಾಯಿ ಎಷ್ಟು ತೇಕಿದರೂ ಬಿಸಿ ಇಳಿಯದು. ತೇಕುವ ಶ್ರಮಕ್ಕೇ ಮೈ ಇನ್ನಷ್ಟು ಕಾಯುತ್ತದೆ. ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಂತೂ ಬೆಂಗಳೂರಿನ ಹವೆಯಲ್ಲೂ ಕೆಲವೇ ನಿಮಿಷಗಳಲ್ಲಿ ಕೊಲ್ಲಬಹುದು.

ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಅದೇ ಜ್ವರ, ಅವಕ್ಕಲ್ಲ. ಬಿಸಿಲಲ್ಲಿದ್ದ ನಾಯಿ 105 ದಾಟಿದ್ದರೆ, ಅಥವಾ ಅಳೆಯಲು ಥರ್ಮಾಮೀಟರ್ ಇಲ್ಲದಿದ್ದರೂ ತೂರಾಡುತ್ತಿದ್ದರೆ, ಅಂಟುಜೊಲ್ಲು ಸುರಿಸುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ನೆರಳಿಗೆ ತಂದು ನಲ್ಲಿ ನೀರನ್ನು ಮೈಮೇಲೆ ಸುರಿಯಿರಿ. ಹೊಟ್ಟೆ, ತೊಡೆಸಂದು, ಕಂಕುಳು ಚೆನ್ನಾಗಿ ತೋಯಲಿ. ಮೂಗು, ಬಾಯಿಗೆ ನೀರು ಹೋಗದಿರಲಿ. ಜೊತೆಗೆ ಫ್ಯಾನ್ ಗಾಳಿ ಬೇಕೇಬೇಕು. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಅದೇ ಬಿಸಿಯಾಗಿ ಕಂಬಳಿ ಹೊದಿಸಿದ ಹಾಗಾಗುತ್ತದೆ. ತಾನಾಗಿ ನೀರು ಕುಡಿದರೆ ಕುಡಿಯಲಿ. ಮೈ ಬಿಸಿ 103.5ರ ಹತ್ತಿರ ಬಂದಾಗ ತಣಿಸುವುದು ನಿಲ್ಲಿಸಿ, ಇಲ್ಲದಿದ್ದರೆ ತೀರಾ ಕೆಳಗೆ ಹೋಗುತ್ತದೆ. ನಂತರ ಕಾರಿನ ಎಸಿ ಹಾಕಿಕೊಂಡು ಹೊರಡಿ. ಎದ್ದು ಓಡಾಡುತ್ತಿದ್ದರೂ ಹೋಗಲೇಬೇಕು. ಕಿಡ್ನಿ ಕೆಡುವುದು, ರಕ್ತ ಹೆಪ್ಪುಗಟ್ಟುವ ಗುಣ ಏರುಪೇರಾಗುವುದು ಒಂದೆರಡು ದಿನ ತಡವಾಗಿ ಗೊತ್ತಾಗುತ್ತದೆ.

ಆಸ್ಪತ್ರೆಯಲ್ಲಿ

ಒಳ್ಳೆಯ ಡಾಕ್ಟರು ಮೊದಲು ಆಕ್ಸಿಜನ್ ಕೊಟ್ಟು, ಬೇಕಾದರೆ ಸಣ್ಣ ಪ್ರಮಾಣದಲ್ಲಿ ಭಯ ತಗ್ಗಿಸುವ ಇಂಜೆಕ್ಷನ್ ಕೊಟ್ಟು, ನಾಯಿ ಸ್ವಲ್ಪ ಸುಧಾರಿಸಿದ ಮೇಲೆ ಎಕ್ಸ್‌ರೇಗೆ ಕಳಿಸುತ್ತಾರೆ. "ಬಂದು ಅರ್ಧ ಗಂಟೆಯಾಯ್ತು, ಇನ್ನೂ ಎಕ್ಸ್‌ರೇ ತೆಗೆದಿಲ್ಲ" ಎಂದು ಜಗಳಕ್ಕೆ ನಿಲ್ಲಬೇಡಿ. ಉಸಿರು ಸಿಗದ ನಾಯಿಯನ್ನು ಹಿಡಿದು ಮಲಗಿಸಿದರೆ ಎಕ್ಸ್‌ರೇ ಮೇಜಿನ ಮೇಲೇ ಪ್ರಾಣ ಬಿಡಬಹುದು. ಅವರು ಕಾಯುತ್ತಿರುವುದು ಅದಕ್ಕೇ.

ನೀವು ಹೇಳಬೇಕಾದ್ದು: ಯಾವಾಗ ಶುರುವಾಯಿತು, ಒಮ್ಮೆಲೇ ಬಂತೋ ನಿಧಾನಕ್ಕೋ, ನಿದ್ದೆಯ ಲೆಕ್ಕ ಎಷ್ಟಿತ್ತು ಈಗೆಷ್ಟು, ಉಣ್ಣೆ, ಹಾವು, ಗಾಡಿ ಏನಾದರೂ ಇತ್ತೋ, ಲಸಿಕೆ ಯಾವಾಗ ಆಯಿತು, ಈಗಾಗಲೇ ಏನಾದರೂ ಕುಡಿಸಿದ್ದೀರೋ. ಕೊನೆಯದನ್ನು ಮುಚ್ಚಿಡಬೇಡಿ. ಬೈಗುಳ ಬಿದ್ದರೂ ಪರವಾಗಿಲ್ಲ, ಚಿಕಿತ್ಸೆ ಅದರ ಮೇಲೆ ನಿಂತಿರುತ್ತದೆ.

ಪಗ್ ಸಾಕಿದವರಿಗೆ ಸ್ವಲ್ಪ ಜಾಸ್ತಿ ಮಾತು

2003ರ ಸುಮಾರಿಗೆ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ನೆನಪಿದೆಯಾ? ಆಮೇಲೆ ನಮ್ಮ ಊರುಗಳಲ್ಲೂ ಪಗ್ ತುಂಬಿಕೊಂಡವು. ಈಗ ಶಿಟ್ಜು, ಫ್ರೆಂಚ್ ಬುಲ್‌ಡಾಗ್ ಸಾಲು. ಇವುಗಳ ಮೂತಿಯ ಮೂಳೆಯನ್ನು ಸಾಕಣೆಯಲ್ಲಿ ಗಿಡ್ಡ ಮಾಡಿದರು, ಒಳಗಿನ ಮಾಂಸ ಅಷ್ಟೇ ಉಳಿಯಿತು. ಮೂಗಿನ ಹೊಳ್ಳೆ ಗೀರಿನಷ್ಟು, ಅಂಗುಳಿನ ಹಿಂಭಾಗ ಉದ್ದವಾಗಿ ಗಂಟಲಿಗೆ ಜೋಲುತ್ತದೆ, ಶ್ವಾಸನಾಳವೂ ಕಿರಿದು. ಪ್ರತಿ ಉಸಿರನ್ನೂ ಎಳೆದಾಡಿ ತೆಗೆದುಕೊಳ್ಳಬೇಕು. ಹಾಗೆ ಜೋರಾಗಿ ಎಳೆದು ಎಳೆದು ಗಂಟಲಿನ ಒಳಪದರ ಊದಿಕೊಂಡು ದಾರಿ ಇನ್ನೂ ಮುಚ್ಚುತ್ತದೆ. ಮುಧೋಳ ನಾಯಿಯ ಉದ್ದ ಮೂತಿಯನ್ನೊಮ್ಮೆ ನೋಡಿದರೆ ಏನು ಕಳೆದುಕೊಂಡಿವೆ ಎಂದು ತಿಳಿಯುತ್ತದೆ.

ಪಗ್‌ನ ಗೊರಕೆ ಮುದ್ದಾದ ಸಂಗತಿಯಲ್ಲ. ಕೂತೇ ನಿದ್ದೆ ಮಾಡುವುದು, ದಿಂಬಿನ ಮೇಲೆ ಗದ್ದ ಎತ್ತಿಟ್ಟು ಮಲಗುವುದು, ಆಟಿಕೆ ಕಚ್ಚಿಕೊಂಡು ಬಾಯಿ ತೆರೆದೇ ನಿದ್ರಿಸುವುದು ಇವನ್ನೆಲ್ಲ ಫೋಟೊ ತೆಗೆದು ಸ್ಟೇಟಸ್ ಹಾಕುತ್ತೇವೆ. ಅದು ಮಲಗಿದರೆ ಉಸಿರು ಕಟ್ಟುತ್ತದೆಂದು ನಾಯಿ ತಾನೇ ಕಂಡುಕೊಂಡ ಉಪಾಯ. ಊಟವಾದ ಮೇಲೆ ಆಗಾಗ ನೊರೆ ಕಕ್ಕುವುದೂ ಇದಕ್ಕೇ ಸೇರಿದ್ದು.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಕೆನಲ್ ಕ್ಲಬ್ ಸೇರಿ 2019ರಲ್ಲಿ ಪಗ್, ಬುಲ್‌ಡಾಗ್‌ಗಳಿಗೆ ಒಂದು ಪರೀಕ್ಷೆ ತಂದವು. ಮೂರು ನಿಮಿಷ ಚುರುಕಾಗಿ ನಡೆಸಿ, ಮೊದಲು ಮತ್ತು ನಂತರ ಗಂಟಲ ಸದ್ದು ಕೇಳಿ 0ರಿಂದ 3ರವರೆಗೆ ದರ್ಜೆ ಕೊಡುತ್ತಾರೆ. ದರ್ಜೆ ಕೊಡುವುದು ತರಬೇತಾದ ಡಾಕ್ಟರು, ಆದರೆ ತಂಪು ಮುಂಜಾನೆ ಅಷ್ಟು ನಡೆದ ಮೇಲೆ ನಿಮ್ಮ ಪಗ್‌ನ ಸದ್ದು ಪಕ್ಕದ ಕೋಣೆಗೂ ಕೇಳುತ್ತಿದ್ದರೆ ನಿಮಗೇ ಉತ್ತರ ಗೊತ್ತಾಗುತ್ತದೆ. ಹೊಳ್ಳೆ ಅಗಲಿಸುವ, ಅಂಗುಳಿನ ಹೆಚ್ಚಿನ ಭಾಗ ಕತ್ತರಿಸುವ ಶಸ್ತ್ರಚಿಕಿತ್ಸೆ ಇದೆ. ಗಂಟಲು ಪೂರ್ತಿ ಕೆಡುವ ಮೊದಲು, ಚಿಕ್ಕ ವಯಸ್ಸಿನಲ್ಲೇ ಮಾಡಿಸಿದರೆ ಫಲ ಹೆಚ್ಚು. ಇವುಗಳಿಗೆ ಅರಿವಳಿಕೆಯಿಂದ ಎಚ್ಚರವಾಗುವ ಹೊತ್ತೇ ನಾಜೂಕು. ಹಾಗಾಗಿ ಇಂಥ ಮೂತಿಯ ನಾಯಿಗಳಿಗೆ ಅರಿವಳಿಕೆ ಕೊಟ್ಟು ಅನುಭವವಿರುವವರನ್ನೇ ಹುಡುಕಿ. ವಿಮಾನದಲ್ಲಿ ಕರೆದೊಯ್ಯುವ ಯೋಚನೆಯಿದ್ದರೆ ಮೊದಲೇ ಕೇಳಿ. ಅನೇಕ ಕಂಪನಿಗಳು ಇವನ್ನು ಸರಕಿನ ವಿಭಾಗದಲ್ಲಿ ಒಯ್ಯಲು ಒಪ್ಪುವುದಿಲ್ಲ, ಒಪ್ಪದಿರುವುದೇ ಸರಿ. ಇಂಥ ಗಿಡ್ಡ ಮೂತಿಯ ನಾಯಿಯನ್ನು ಇನ್ನೂ ತರದವರಿಗೆ ನನ್ನ ಮಾತು ಇಷ್ಟೇ: ತರಬೇಡಿ. ನೆದರ್ಲೆಂಡ್ಸ್ 2019ರಿಂದ, ತಲೆಯ ಉದ್ದದ ಮೂರನೇ ಒಂದಕ್ಕಿಂತ ಗಿಡ್ಡ ಮೂತಿಯ ನಾಯಿಗಳಿಂದ ಮರಿ ಮಾಡಿಸುವುದಕ್ಕೆ ತಡೆ ಹಾಕಿದೆ. ನಮ್ಮಲ್ಲಿ ಕೊಳ್ಳುವವರು ನಿಲ್ಲಿಸಿದರೆ ಮಾರುವವರೂ ನಿಲ್ಲಿಸುತ್ತಾರೆ.

ದಿನದಿನದ ಆರೈಕೆ

ಉಸಿರಿನ ಯಾವ ಕಾಯಿಲೆಯೇ ಇರಲಿ, ತೂಕ ಇಳಿಸುವುದು ಬಹಳ ದೊಡ್ಡ ಔಷಧ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಸುಲಭವಾಗಿ ಸಿಗಬೇಕು. ಅದುಮಿ ಹುಡುಕಬೇಕಾದರೆ ನಾಯಿ ದಪ್ಪ. ನಮ್ಮ ಮನೆಗಳಲ್ಲಿ ತೂಕ ಏರುವುದು ಊಟದ ಬಟ್ಟಲಿನಿಂದಲ್ಲ, ಅಜ್ಜ ಟೀ ಜೊತೆ ಹಾಕುವ ಗ್ಲೂಕೋಸ್ ಬಿಸ್ಕತ್ತಿನಿಂದ, ಎಲ್ಲರೂ ಒಂದೊಂದು ತುಂಡು ಹಾಕುವ ಚಪಾತಿಯಿಂದ. ದಿನದ ತಿಂಡಿಯನ್ನು ಬೆಳಿಗ್ಗೆಯೇ ಒಂದು ಡಬ್ಬಿಗೆ ಹಾಕಿಡಿ, ಯಾರೇ ಕೊಟ್ಟರೂ ಅದರಿಂದಲೇ ಕೊಡಲಿ. ಅಜ್ಜನನ್ನು ಒಪ್ಪಿಸುವುದು ನಿಮಗೆ ಬಿಟ್ಟದ್ದು.

ಕತ್ತಿನ ಬೆಲ್ಟ್ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸಿ. ವಾಕಿಂಗ್ ಬೆಳಿಗ್ಗೆ ಬಿಸಿಲೇರುವ ಮೊದಲು, ಸಂಜೆ ಟಾರು ತಣಿದ ಮೇಲೆ. ರಸ್ತೆಗೆ ಅಂಗೈ ಇಟ್ಟು ಏಳೆಂಟು ಸೆಕೆಂಡ್ ತಡೆಯಲಾಗದಿದ್ದರೆ ನಾಯಿಗೂ ಆಗದು. ಸೊಳ್ಳೆ ಬತ್ತಿ, ಸಾಂಬ್ರಾಣಿ ಹೊಗೆ, ಸಿಗರೇಟು ನಾಯಿ ಮಲಗುವ ಕೋಣೆಯಲ್ಲಿ ಬೇಡ. ದೀಪಾವಳಿಯ ಮೂರು ದಿನ ಪಟಾಕಿ ಹೊಗೆಗೆ ಕಿಟಕಿ ಮುಚ್ಚಿ ಒಳಗಿರಿಸಿ.

ಮರಿಗೆ ಆರರಿಂದ ಎಂಟು ವಾರದಲ್ಲಿ ಲಸಿಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳಾಗುವವರೆಗೆ ಹಾಕಿಸಬೇಕು. ಒಂದು ಹಾಕಿಸಿ ಬಿಟ್ಟರೆ ಪ್ರಯೋಜನ ಕಡಿಮೆ. ಹಾಸ್ಟೆಲ್‌ಗೆ ಬಿಡುವವರು ಕೆನಲ್ ಕಾಫ್ ಲಸಿಕೆಯನ್ನು ಮುಂಚಿತವಾಗಿ ಹಾಕಿಸಿ. ಹೊರಡುವ ಹಿಂದಿನ ದಿನ ಹಾಕಿಸಿದರೆ ಉಪಯೋಗವಿಲ್ಲ.

ಹೃದಯದ ಮಾತ್ರೆ ತೆಗೆದುಕೊಳ್ಳುವ ನಾಯಿಯ ವಿಷಯದಲ್ಲಿ ಮನೆಯವರು ಎಡವುವುದು ಎರಡು ಕಡೆ. ಮೈಯಲ್ಲಿ ತುಂಬಿದ ನೀರು ಇಳಿಸುವ ಫ್ಯೂರೋಸೆಮೈಡ್‌ನಂಥ ಮಾತ್ರೆ ಕೊಟ್ಟಾಗ ನಾಯಿ ಜಾಸ್ತಿ ಮೂತ್ರ ಮಾಡುತ್ತದೆ, ಜಾಸ್ತಿ ನೀರು ಕುಡಿಯುತ್ತದೆ. ಮನೆ ಗಲೀಜಾಗುತ್ತದೆಂದು ನೀರಿನ ಬಟ್ಟಲು ಎತ್ತಿಡಬಾರದು, ಕಿಡ್ನಿಗೆ ಹೊಡೆತ. ಇನ್ನೊಂದು, ನಾಲ್ಕು ದಿನ ಚೆನ್ನಾಗಿದೆಯೆಂದು ಮಾತ್ರೆ ನಿಲ್ಲಿಸುವುದು. ಚೆನ್ನಾಗಿರುವುದೇ ಮಾತ್ರೆಯಿಂದ. ಹಪ್ಪಳ, ಉಪ್ಪಿನಕಾಯಿ ಹತ್ತಿದ ಅನ್ನ, ಚಿಪ್ಸ್ ಪೂರ್ತಿ ಬಿಡಿಸಿ.

ಉಬ್ಬಸದಂಥ ಹಳೆಯ ಕೆಮ್ಮಿಗೆ ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟರೆ ಗಾಬರಿ ಬೇಡ. ಮಕ್ಕಳಿಗೆ ಬಳಸುವಂಥ ಮಾಸ್ಕ್ ಇರುವ ಸ್ಪೇಸರ್‌ನಲ್ಲೇ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಕೊಡಬಹುದು. ಮೊದಲು ಖಾಲಿ ಮಾಸ್ಕನ್ನು ಮೂತಿಗೆ ಹಿಡಿದು ತಿಂಡಿ ಕೊಟ್ಟು ಅಭ್ಯಾಸ ಮಾಡಿಸಿ, ಆಮೇಲೆ ಔಷಧ. ನೆಬ್ಯುಲೈಸರ್ ಕೂಡ ಹೀಗೆಯೇ, ಒಳಗೆ ಏನು ಹಾಕಬೇಕೆಂದು ಡಾಕ್ಟರು ಹೇಳಿದ ಮೇಲೆ. ಕುದಿಯುವ ನೀರಿನ ಪಾತ್ರೆಯ ಮೇಲೆ ನಾಯಿಯ ತಲೆ ಬಗ್ಗಿಸಿ ಹಬೆ ಹಿಡಿಸುವ ಸಾಹಸ ಬೇಡ, ಸುಟ್ಟುಕೊಳ್ಳುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ನಾಯಿಯ ನಿದ್ದೆಯ ಉಸಿರನ್ನು ಮೊದಲ ಎರಡು ವಾರ ದಿನಕ್ಕೆರಡು ಸಲ ಎಣಿಸಿ, ಬರೆಯಿರಿ. ಮುಂದಿನ ಭೇಟಿಗೆ ಆ ಕ್ಯಾಲೆಂಡರ್ ಹಾಳೆಯ ಫೋಟೊ ತೆಗೆದುಕೊಂಡು ಹೋಗಿ. ಮಾತ್ರೆ ಹೆಚ್ಚಿಸಬೇಕೋ ಇಳಿಸಬೇಕೋ ಎಂದು ಡಾಕ್ಟರು ಅದನ್ನೇ ಮೊದಲು ನೋಡುತ್ತಾರೆ.